ಗ್ರೀನ್ ಕಾರ್ಡಿನ ಸಾಲು: ಕೆಲಸ ನೋಡಿ ಸೇರಿಸುತ್ತಾರೆ, ಹುಟ್ಟಿದ ದೇಶ ನೋಡಿ ನಿಲ್ಲಿಸುತ್ತಾರೆ

ಊರಿನ ಮದುವೆ ಮನೆಗಳಲ್ಲಿ ಅಮೆರಿಕದಿಂದ ಬಂದವರಿಗೆ ತಪ್ಪದೆ ಎದುರಾಗುವ ಪ್ರಶ್ನೆ ಒಂದಿದೆ: ‘ಹೋಗಿ ಹನ್ನೆರಡು ವರ್ಷ ಆಯ್ತಲ್ಲಪ್ಪಾ, ಇನ್ನೂ ಗ್ರೀನ್ ಕಾರ್ಡ್ ಆಗ್ಲಿಲ್ವಾ?’ ಕೇಳಿದವರ ದನಿಯಲ್ಲಿ ಸಣ್ಣದೊಂದು ಅನುಮಾನವೂ ಇರುತ್ತದೆ. ಹುಡುಗನ ಕೆಲಸದಲ್ಲೇ ಏನೋ ಐಬಿದೆಯೋ, ಕಂಪನಿಯೇ ಸರಿ ಇಲ್ಲವೋ, ಅರ್ಜಿ ಹಾಕಲು ಸೋಮಾರಿತನ ಮಾಡಿದನೋ ಎಂದು. ಬಹುಪಾಲು ಸಂದರ್ಭಗಳಲ್ಲಿ ಈ ಮೂರೂ ಕಾರಣವಲ್ಲ. ಅರ್ಜಿ ಎಂದೋ ಹೋಗಿರುತ್ತದೆ, ‘ಈತ ಅರ್ಹ’ ಎಂದು ಅಮೆರಿಕ ಸರ್ಕಾರ ಒಪ್ಪಿಯೂ ಆಗಿರುತ್ತದೆ. ಆದರೂ ಅಲ್ಲಿ ಖಾಯಂ ಆಗಿ ನೆಲೆಸುವ ಹಕ್ಕು ಕೊಡುವ ಆ ಕಾರ್ಡು ಬರುವುದಿಲ್ಲ.

ಒಂದು ಉದಾಹರಣೆ ನೋಡಿ. ಒಂದೇ ಕಂಪನಿಯ ಒಂದೇ ತಂಡದಲ್ಲಿ ಇಬ್ಬರು ಎಂಜಿನಿಯರುಗಳು, ಒಂದೇ ಸಂಬಳ. ಒಬ್ಬ ಹುಟ್ಟಿದ್ದು ದಾವಣಗೆರೆಯಲ್ಲಿ, ಇನ್ನೊಬ್ಬ ಕಠ್ಮಂಡುವಿನಲ್ಲಿ. ಕಂಪನಿ ಇಬ್ಬರಿಗೂ ಒಂದೇ ದಿನ ಗ್ರೀನ್ ಕಾರ್ಡ್ ಪ್ರಕ್ರಿಯೆ ಶುರುಮಾಡಿತು ಎನ್ನಿ. ಕಠ್ಮಂಡುವಿನವನಿಗೆ ಕೆಲವೇ ವರ್ಷಗಳಲ್ಲಿ ಕಾರ್ಡು ಕೈಗೆ ಬರುತ್ತದೆ. ದಾವಣಗೆರೆಯವನು? 2025ರ ಮಧ್ಯಭಾಗದಲ್ಲಿ, ಭಾರತದಲ್ಲಿ ಹುಟ್ಟಿದ, ಇಬಿ-2 ಎಂಬ, ಹೆಚ್ಚಿನ ಓದು ಅಥವಾ ಅನುಭವ ಬೇಡುವ ಹುದ್ದೆಗಳ ವರ್ಗದವರ ಪೈಕಿ 2013ರ ಜನವರಿ 1ಕ್ಕಿಂತ ಮೊದಲು ಸಾಲಿಗೆ ನಿಂತವರಿಗೆ ಮಾತ್ರ ಕಾರ್ಡು ಸಿಗುತ್ತಿತ್ತು. ಹನ್ನೆರಡು ವರ್ಷ ಕಾದವರಿಗೆ ಆಗ ತಾನೇ ಸರದಿ ಬಂದಿತ್ತು. ಇವತ್ತು ನಿಲ್ಲುವವನಿಗೆ ಹನ್ನೆರಡೇ ವರ್ಷ ಎಂದು ಇದರ ಅರ್ಥವಲ್ಲ. ಅವನ ಮುಂದಿರುವ ಸಾಲು ಅದಕ್ಕಿಂತ ಎಷ್ಟೋ ಉದ್ದ.

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಎಚ್-1ಬಿ ಎಂಬ ಕೆಲಸದ ವೀಸಾ ಆಯಿತು ಎಂದರೆ ಅಮೆರಿಕದಲ್ಲಿ ನೆಲೆಸುವ ಹಕ್ಕು ಸಿಕ್ಕಿತು ಎಂದಲ್ಲ. ಅದು ಒಬ್ಬ ಉದ್ಯೋಗದಾತನ ಬಳಿ, ಒಂದು ನಿರ್ದಿಷ್ಟ ಕೆಲಸಕ್ಕೆ, ಮೂರು ವರ್ಷ ಮತ್ತೆ ಮೂರು ವರ್ಷ ಎಂದು ಒಟ್ಟು ಆರು ವರ್ಷದ ಮಟ್ಟಿಗೆ ಸಿಗುವ ಅನುಮತಿ. ವರ್ಷಕ್ಕೆ 65,000, ಜೊತೆಗೆ ಅಮೆರಿಕದಲ್ಲೇ ಸ್ನಾತಕೋತ್ತರ ಪದವಿ ಪಡೆದವರಿಗೆ ಇನ್ನೂ 20,000. ಕೇಳುವವರು ಅದರ ಹಲವು ಪಟ್ಟು ಇರುವುದರಿಂದ ಲಾಟರಿ. 2025ರ ಸೆಪ್ಟೆಂಬರ್‌ನಲ್ಲಿ, ಹೊರಗಿನಿಂದ ಹೊಸದಾಗಿ ಕರೆಸಿಕೊಳ್ಳುವ ಎಚ್-1ಬಿ ಅರ್ಜಿಗೆ 1,00,000 ಡಾಲರ್ ಕಟ್ಟಬೇಕೆಂದು ಅಧ್ಯಕ್ಷರ ಘೋಷಣೆ ಬಂದ ಮೇಲಂತೂ ಬೆಂಗಳೂರಿನಿಂದ ನೇರ ಹೋಗುವ ದಾರಿ ಇನ್ನಷ್ಟು ಕಿರಿದಾಯಿತು. ಎಚ್-1ಬಿಗೆ ಒಂದು ಅನುಕೂಲವಿದೆ: ಅದರ ಮೇಲೆ ಇದ್ದುಕೊಂಡೇ ‘ನಾನು ಇಲ್ಲಿ ಖಾಯಂ ಆಗಿ ಉಳಿಯಬೇಕು’ ಎಂದು ರಾಜಾರೋಷವಾಗಿ ಅರ್ಜಿ ಹಾಕಬಹುದು. ವಿದ್ಯಾರ್ಥಿ ವೀಸಾದಲ್ಲಿ ಹಾಗೆ ಹೇಳಿಕೊಂಡರೆ ವೀಸಾಕ್ಕೇ ಕುತ್ತು.

ಉದ್ಯೋಗದ ಮೂಲಕ ಗ್ರೀನ್ ಕಾರ್ಡ್ ಪಡೆಯಲು ಸಾಮಾನ್ಯವಾಗಿ ಮೂರು ಹಂತ. ಹೆಸರುಗಳು ವಕೀಲರ ಬಾಯಲ್ಲಿ ಗಾಬರಿ ಹುಟ್ಟಿಸುತ್ತವೆ, ಒಳಗಿನ ಸಂಗತಿ ಅಷ್ಟು ಕಷ್ಟದ್ದಲ್ಲ.

ಮೊದಲನೆಯದು ಪರ್ಮ್. ಇದು ಕಾರ್ಮಿಕ ಇಲಾಖೆಯ ಕೆಲಸ. ‘ಈ ಹುದ್ದೆಗೆ ಬೇಕಾದ ಅರ್ಹತೆಯುಳ್ಳ, ಕೆಲಸಕ್ಕೆ ಬರಲು ತಯಾರಿರುವ ಅಮೆರಿಕನ್ನರು ನಮಗೆ ಸಿಗಲಿಲ್ಲ’ ಎಂದು ಕಂಪನಿ ಸಾಬೀತು ಮಾಡಬೇಕು. ಅದಕ್ಕೆ ಮೊದಲು ಆ ಊರಿನಲ್ಲಿ ಅಂಥ ಕೆಲಸಕ್ಕೆ ಚಾಲ್ತಿಯಲ್ಲಿರುವ ಸಂಬಳ ಎಷ್ಟೆಂದು ಇಲಾಖೆಯಿಂದಲೇ ನಿಗದಿ ಮಾಡಿಸಿಕೊಳ್ಳಬೇಕು, ಆಮೇಲೆ ಹುದ್ದೆಯನ್ನು ಜಾಹೀರಾತು ಮಾಡಬೇಕು. ಜಾಹೀರಾತಿನ ನಿಯಮ ಓದಿದರೆ ನಗು ಬರುತ್ತದೆ: ಎರಡು ಬೇರೆ ಬೇರೆ ಭಾನುವಾರ ಮುದ್ರಿತ ಪತ್ರಿಕೆಯಲ್ಲಿ ಬರಬೇಕು. ಯಂತ್ರಗಳಿಗೆ ಭಾಷೆ ಕಲಿಸುವ ಎಂಜಿನಿಯರನ್ನು ಭಾನುವಾರದ ಪೇಪರಿನಲ್ಲಿ ಹುಡುಕುವ ಶಾಸ್ತ್ರ! ಕಂಪನಿಗೆ ಬೇಕಾದವನು ಆಗಲೇ ಆ ಕುರ್ಚಿಯಲ್ಲಿ ಕೂತು ಕೆಲಸ ಮಾಡುತ್ತಿರುತ್ತಾನೆ. ಅದೇ ಕುರ್ಚಿಗೆ ಬೇರೆಯವರನ್ನು ಕರೆಯುವ ನಾಟಕ ನಡೆಯುತ್ತಿರುತ್ತದೆ. ನಾಟಕ ಅತಿಯಾದರೆ ಸರ್ಕಾರ ಸುಮ್ಮನಿರುವುದಿಲ್ಲ. ಮಾಮೂಲಿ ಹುದ್ದೆಗಳಿಗೆ ವೆಬ್‌ಸೈಟಿನಲ್ಲಿ ಅರ್ಜಿ ಕರೆದು, ಪರ್ಮ್ ಹುದ್ದೆಗಳಿಗೆ ಮಾತ್ರ ಅಂಚೆಯಲ್ಲಿ ಕಾಗದ ಕಳಿಸಿ ಎಂದು ಹೇಳುವಂಥ ರೀತಿಗಳ ಬಗ್ಗೆ ನ್ಯಾಯ ಇಲಾಖೆ ಆಕ್ಷೇಪವೆತ್ತಿ, 2021ರಲ್ಲಿ ಫೇಸ್‌ಬುಕ್ ಜೊತೆ 1.42 ಕೋಟಿ ಡಾಲರ್ ಮೀರಿದ, 2023ರಲ್ಲಿ ಆ್ಯಪಲ್ ಜೊತೆ 2.5 ಕೋಟಿ ಡಾಲರ್ ವರೆಗಿನ ರಾಜಿ ಒಪ್ಪಂದ ಮಾಡಿಕೊಂಡಿತು. ಪರ್ಮ್‌ನ ವಕೀಲರ ಶುಲ್ಕ, ಜಾಹೀರಾತಿನ ಖರ್ಚು ಎಲ್ಲ ಕಂಪನಿಯದೇ. ಅದನ್ನು ಉದ್ಯೋಗಿಯಿಂದ ವಸೂಲು ಮಾಡುವಂತಿಲ್ಲ. ಸಣ್ಣ ಕನ್ಸಲ್ಟೆನ್ಸಿಗಳು ಸಂಬಳದಲ್ಲಿ ಹಿಡಿದುಕೊಳ್ಳುತ್ತೇವೆ ಎಂದರೆ ಅದು ಕಾನೂನುಬಾಹಿರ ಎಂದು ನೆನಪಿಟ್ಟುಕೊಳ್ಳಿ.

ಪರ್ಮ್ ಅರ್ಜಿ ಇಲಾಖೆಗೆ ಸಲ್ಲಿಕೆಯಾದ ದಿನಾಂಕವೇ ಪ್ರಯಾರಿಟಿ ಡೇಟ್. ಇಡೀ ಕತೆಯಲ್ಲಿ ಇದಕ್ಕಿಂತ ಮುಖ್ಯವಾದ ದಿನ ಇನ್ನೊಂದಿಲ್ಲ. ಸಾಲಿನಲ್ಲಿ ನಿಮ್ಮ ಜಾಗ ಗೊತ್ತಾಗುವುದು ಅದರಿಂದ. ಅಮೆರಿಕಕ್ಕೆ ಕಾಲಿಟ್ಟ ದಿನಕ್ಕೂ, ಕೆಲಸಕ್ಕೆ ಸೇರಿದ ದಿನಕ್ಕೂ ಅಲ್ಲಿ ಲೆಕ್ಕವಿಲ್ಲ. ‘ಒಂದು ವರ್ಷ ಕೆಲಸ ನೋಡಿ ಆಮೇಲೆ ಶುರುಮಾಡೋಣ’ ಎಂದು ಮ್ಯಾನೇಜರ್ ಹೇಳಿದ್ದಕ್ಕೆ ತಲೆಯಾಡಿಸಿದವರು ಮುಂದೆ ಅದಕ್ಕೆ ಎಷ್ಟೋ ಪಟ್ಟು ತೆತ್ತಿದ್ದಾರೆ.

ಎರಡನೆಯ ಹಂತ ಐ-140. ವಲಸೆ ಇಲಾಖೆ ಇದರಲ್ಲಿ ಎರಡು ವಿಷಯ ನೋಡುತ್ತದೆ: ಹುದ್ದೆಗೆ ಹೇಳಿದ ಓದು ಮತ್ತು ಅನುಭವ ಈ ವ್ಯಕ್ತಿಗೆ ಇದೆಯೇ, ಹೇಳಿದ ಸಂಬಳ ಕೊಡುವ ಶಕ್ತಿ ಕಂಪನಿಗಿದೆಯೇ. ನಮ್ಮ ಬಿಇ ನಾಲ್ಕು ವರ್ಷದ್ದಾದ್ದರಿಂದ ಅಮೆರಿಕದ ಪದವಿಗೆ ಸಮ ಎನಿಸಿಕೊಳ್ಳುತ್ತದೆ. ಬಿಎಸ್ಸಿ, ಬಿಕಾಂ ಮೂರೇ ವರ್ಷದವು. ಅವು ಮಾತ್ರ ಇದ್ದವರಿಗೆ ಇಲ್ಲಿ ತಕರಾರು ಬರುವುದುಂಟು. ಹೆಚ್ಚುವರಿ ಶುಲ್ಕ ಕಟ್ಟಿದರೆ ಈ ಹಂತ ಕೆಲವೇ ವಾರಗಳಲ್ಲಿ ಮುಗಿದುಹೋಗುತ್ತದೆ. ಅರ್ಹತೆಯ ಪರೀಕ್ಷೆ ಇಷ್ಟೇ.

ಮೂರನೆಯದು ಐ-485, ಅಂದರೆ ಖಾಯಂ ನಿವಾಸಿ ಮಾಡಿ ಎಂಬ ಕೊನೆಯ ಅರ್ಜಿ. ವೈದ್ಯಕೀಯ ತಪಾಸಣೆ, ಬೆರಳಚ್ಚು, ಹಿನ್ನೆಲೆ ಪರಿಶೀಲನೆ, ಕೆಲವರಿಗೆ ಸಂದರ್ಶನ. ಆದರೆ ಇದನ್ನು ಬೇಕೆಂದಾಗ ಹಾಕುವಂತಿಲ್ಲ. ನಿಮ್ಮ ಪ್ರಯಾರಿಟಿ ಡೇಟ್‌ಗೆ ಸರದಿ ಬಂದಿರಬೇಕು. ಎರಡನೆಯ ಹಂತಕ್ಕೂ ಮೂರನೆಯ ಹಂತಕ್ಕೂ ನಡುವೆ ಇರುವುದೇ ಆ ಹನ್ನೆರಡು, ಹದಿನೈದು, ಇಪ್ಪತ್ತು ವರ್ಷ.

ಈ ಕಂದಕ ಬಂದದ್ದು ಹೇಗೆ? ಲೆಕ್ಕ ಹಾಕಿ ನೋಡೋಣ. 1990ರ ವಲಸೆ ಕಾಯ್ದೆ ಉದ್ಯೋಗಾಧಾರಿತ ಗ್ರೀನ್ ಕಾರ್ಡುಗಳಿಗೆ ವರ್ಷಕ್ಕೆ 1,40,000 ಎಂಬ ಮಿತಿ ಹಾಕಿತು. ಅದು ಇವತ್ತಿಗೂ ಅಷ್ಟೇ ಇದೆ. ಈ ಸಂಖ್ಯೆಯಲ್ಲಿ ಹೆಂಡತಿ, ಗಂಡ, ಮಕ್ಕಳೂ ಸೇರುತ್ತಾರೆ. ಒಬ್ಬ ಎಂಜಿನಿಯರ್, ಹೆಂಡತಿ, ಊರಲ್ಲಿ ಹುಟ್ಟಿದ ಇಬ್ಬರು ಮಕ್ಕಳು ಎಂದರೆ ನಾಲ್ಕು ಕಾರ್ಡು ಖರ್ಚು. ಒಟ್ಟು ಐದು ವರ್ಗಗಳಿವೆ. ಇಬಿ-1 ಅಸಾಧಾರಣ ಸಾಧಕರು, ಹೆಸರಾಂತ ಸಂಶೋಧಕರು, ಬಹುರಾಷ್ಟ್ರೀಯ ಕಂಪನಿಗಳ ವ್ಯವಸ್ಥಾಪಕರಿಗೆ. ಇಬಿ-2 ಸ್ನಾತಕೋತ್ತರ ಪದವಿ ಅಥವಾ ಪದವಿಯ ಜೊತೆ ಐದು ವರ್ಷದ ಅನುಭವ ಬೇಡುವ ಹುದ್ದೆಗಳಿಗೆ. ಇಬಿ-3 ಪದವಿ ಸಾಕೆನ್ನುವ ಹುದ್ದೆಗಳಿಗೆ ಮತ್ತು ಇತರ ನುರಿತ ಕೆಲಸಗಾರರಿಗೆ. ಈ ಮೂರಕ್ಕೂ ತಲಾ 40,040 ಕಾರ್ಡು. ಉಳಿದೆರಡು ವಿಶೇಷ ವರ್ಗಗಳಿಗೆ ತಲಾ 9,940.

ಇದರ ಮೇಲೆ ಇನ್ನೊಂದು ಮಿತಿ: ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಶೇ 7ಕ್ಕಿಂತ ಹೆಚ್ಚು ಸಿಗಬಾರದು. 40,040ರ ಶೇ 7 ಅಂದರೆ ಸುಮಾರು 2,800. ಇಬಿ-2 ವರ್ಗದಲ್ಲಿ ನೂರನಲವತ್ತು ಕೋಟಿ ಜನರ ಭಾರತಕ್ಕೂ ವರ್ಷಕ್ಕೆ 2,800, ನಾಲ್ಕು ಲಕ್ಷ ಜನವೂ ಇಲ್ಲದ ಐಸ್‌ಲ್ಯಾಂಡಿಗೂ 2,800. ಬೇರೆ ದೇಶಗಳವರು ಬಳಸದೆ ಉಳಿಸಿದ್ದು ಹಳೆಯ ಸಾಲಿಗೆ ಹರಿದುಬರಲು ಕಾನೂನಿನಲ್ಲಿ ಅವಕಾಶವಿದೆ, ಹಾಗಾಗಿ ಕೆಲವು ವರ್ಷ ಭಾರತೀಯರಿಗೆ ಈ ಮಿತಿಗಿಂತ ಹೆಚ್ಚು ಸಿಕ್ಕಿದೆ. ಆದರೆ ಎಚ್-1ಬಿ ಕಡೆ ದೇಶವಾರು ಮಿತಿಯೇ ಇಲ್ಲ; ಅಲ್ಲಿ ಮಂಜೂರಾಗುವ ಅರ್ಜಿಗಳಲ್ಲಿ ದೊಡ್ಡ ಪಾಲು ಭಾರತೀಯರದು. ವರ್ಷ ವರ್ಷವೂ ಹತ್ತಾರು ಸಾವಿರ ಜನ ಒಳಗೆ ಬಂದು ಸೇರಿಕೊಳ್ಳುತ್ತಾರೆ, ಮುಂದೆ ಹೋಗುವವರು ಕೆಲವೇ ಸಾವಿರ. ಸಾಲು ಬೆಳೆಯದೆ ಇನ್ನೇನಾದೀತು? ವಾಷಿಂಗ್ಟನ್ನಿನ ಕೇಟೊ ಇನ್‌ಸ್ಟಿಟ್ಯೂಟ್ ಎಂಬ ಸಂಶೋಧನಾ ಸಂಸ್ಥೆ 2023ರಲ್ಲಿ ಹಾಕಿದ ಅಂದಾಜಿನಂತೆ ಉದ್ಯೋಗಾಧಾರಿತ ಸಾಲಿನಲ್ಲಿದ್ದ ಸುಮಾರು 18 ಲಕ್ಷ ಮಂದಿಯಲ್ಲಿ 11 ಲಕ್ಷ ಭಾರತೀಯರು. ಹೊಸದಾಗಿ ಸೇರುವ ಭಾರತೀಯನ ಕಾಯುವಿಕೆ 134 ವರ್ಷ. ಈ 134ನ್ನು ಪಂಚಾಂಗದ ಹಾಗೆ ನಂಬಬೇಕಿಲ್ಲ. ಜನ ವಾಪಸ್ ಬರುತ್ತಾರೆ, ಕೆನಡಾಕ್ಕೆ ಹೋಗುತ್ತಾರೆ, ಒಬ್ಬನದೇ ಎರಡು ಅರ್ಜಿ ಇರುತ್ತವೆ. ‘ನನ್ನ ಸರ್ವಿಸಿನಲ್ಲಿ ಬರುವುದಿಲ್ಲ’ ಎಂದು ಹೊಸಬರು ತಿಳಿದುಕೊಳ್ಳುವುದರಲ್ಲಿ ಮಾತ್ರ ತಪ್ಪಿಲ್ಲ.

ಈ ನಿಯಮದ ಹುಟ್ಟು ನೋಡಿದರೆ ವಿಚಿತ್ರ ಅನಿಸುತ್ತದೆ. 1924ರ ಕಾನೂನು ಉತ್ತರ ಯುರೋಪಿನವರಿಗೆ ಬಾಗಿಲು ತೆರೆದು, ಏಷ್ಯಾದವರನ್ನು ಹೆಚ್ಚೂಕಡಿಮೆ ಹೊರಗಿಟ್ಟಿತ್ತು. ಅದನ್ನು ಕಿತ್ತುಹಾಕಿ, ಎಲ್ಲ ದೇಶಗಳೂ ಸಮಾನ ಎಂದು ಸಾರಿದ್ದು 1965ರ ಕಾಯ್ದೆ. ಅಧ್ಯಕ್ಷ ಲಿಂಡನ್ ಜಾನ್ಸನ್ ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಬುಡದಲ್ಲಿ ಕೂತು ಅದಕ್ಕೆ ಸಹಿ ಹಾಕಿದರು. ಹುಟ್ಟಿದ ದೇಶದ ಕಾರಣಕ್ಕೆ ಯಾರಿಗೂ ಅನ್ಯಾಯವಾಗಬಾರದು ಎಂಬ ಆಸೆಯಿಂದ ಬಂದ ಸಮಾನ ಮಿತಿಯೇ ಇವತ್ತು ಹುಟ್ಟಿದ ದೇಶದ ಕಾರಣಕ್ಕೆ ಭಾರತೀಯರನ್ನು ನಿಲ್ಲಿಸಿದೆ. 1990ರಲ್ಲಿ ಶೇ 7 ಎಂದು ಬರೆದವರ ಎದುರು ಇನ್ಫೋಸಿಸ್ ಕಾಲದ ಬೆಂಗಳೂರು ಇರಲಿಲ್ಲ ಎಂಬುದನ್ನೂ ಹೇಳಬೇಕು.

ಇನ್ನು ಗಮನಿಸಿ, ಲೆಕ್ಕಕ್ಕೆ ಬರುವುದು ಪೌರತ್ವವಲ್ಲ, ಹುಟ್ಟಿದ ಜಾಗ. ಶಿವಮೊಗ್ಗದಲ್ಲಿ ಹುಟ್ಟಿ ಕೆನಡಾದ ಪೌರನಾದವನೂ ಭಾರತದ ಸಾಲಿನಲ್ಲೇ ನಿಲ್ಲಬೇಕು. ಇದಕ್ಕೆ ತಿರುಗಾಮುರುಗಾ ಇನ್ನೊಂದಿದೆ, ಕರಾವಳಿಯವರು ಕಿವಿಗೊಡಬೇಕಾದದ್ದು. ಮಂಗಳೂರು, ಉಡುಪಿ, ಭಟ್ಕಳದ ಎಷ್ಟೋ ಕುಟುಂಬಗಳ ಮಕ್ಕಳು ಹುಟ್ಟಿದ್ದು ಕುವೈತ್, ಮಸ್ಕತ್, ದುಬೈಗಳಲ್ಲಿ. ಪಾಸ್‌ಪೋರ್ಟ್ ಭಾರತದ್ದೇ ಇದ್ದರೂ ಅಮೆರಿಕದ ಲೆಕ್ಕದಲ್ಲಿ ಅವರು ಕುವೈತಿನವರು, ಒಮಾನಿನವರು. ಅಷ್ಟೇ ಅಲ್ಲ, ಗಂಡ ಹೆಂಡತಿಯಲ್ಲಿ ಒಬ್ಬರು ಹುಟ್ಟಿದ ದೇಶದ ಲೆಕ್ಕವನ್ನು ಇನ್ನೊಬ್ಬರೂ ಬಳಸಿಕೊಳ್ಳಬಹುದು. ಮಂಡ್ಯದಲ್ಲಿ ಹುಟ್ಟಿದ ಎಂಜಿನಿಯರ್ ಮಸ್ಕತ್‌ನಲ್ಲಿ ಹುಟ್ಟಿದವಳನ್ನು ಮದುವೆಯಾದರೆ ಇಬ್ಬರೂ ಭಾರತದ ಸಾಲಿನಿಂದ ಹೊರಬರುತ್ತಾರೆ. ಮಕ್ಕಳು ಹುಟ್ಟಿದ ದೇಶದಿಂದ ಅಪ್ಪ ಅಮ್ಮನಿಗೆ ಮಾತ್ರ ಈ ಲಾಭವಿಲ್ಲ. ಸಂಬಂಧ ನೋಡುವಾಗ ಜಾತಕದ ಜೊತೆ ಹುಟ್ಟಿದ ಆಸ್ಪತ್ರೆ ಎಲ್ಲಿಯದೆಂದು ವಿಚಾರಿಸುವವರೂ ಇದ್ದಾರೆಂದು ತಮಾಷೆ ಮಾಡುತ್ತಾರೆ, ಪೂರಾ ತಮಾಷೆಯೇನಲ್ಲ.

ಯಾರ ಸರದಿ ಎಲ್ಲಿಗೆ ಬಂತು ಎಂದು ತಿಳಿಸುವುದು ವಿದೇಶಾಂಗ ಇಲಾಖೆ ತಿಂಗಳಿಗೊಮ್ಮೆ ಹೊರಡಿಸುವ ವೀಸಾ ಬುಲೆಟಿನ್. ಅಮೆರಿಕದ ಕನ್ನಡಿಗರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಅದು ಬಂದ ದಿನ ‘ಡೇಟ್ ಮೂವ್ ಆಯ್ತಾ?’ ಎಂಬುದೇ ಮಾತು. ಅದರ ಕೋಷ್ಟಕದಲ್ಲಿ ನಿಮ್ಮ ವರ್ಗ ಮತ್ತು ದೇಶದ ಮನೆಯಲ್ಲಿ ಒಂದು ದಿನಾಂಕ ಇರುತ್ತದೆ. ನಿಮ್ಮ ಪ್ರಯಾರಿಟಿ ಡೇಟ್ ಅದಕ್ಕಿಂತ ಹಿಂದಿನದಾಗಿದ್ದರೆ ಸರದಿ ಬಂತು, ಅದನ್ನೇ ‘ಕರೆಂಟ್ ಆಯ್ತು’ ಎನ್ನುವುದು. 2015ರ ಅಕ್ಟೋಬರ್‌ನಿಂದ ಬುಲೆಟಿನ್ನಿನಲ್ಲಿ ಎರಡು ಪಟ್ಟಿಗಳಿವೆ, ಹೊಸಬರು ಗಲಿಬಿಲಿಗೊಳ್ಳುವುದು ಅಲ್ಲೇ. ತಿರುಪತಿಯ ಸರ್ವದರ್ಶನ ನೆನೆಸಿಕೊಳ್ಳಿ. ಒಂದು ಪಟ್ಟಿ ‘ಇಲ್ಲಿಯವರೆಗಿನವರು ಕಂಪಾರ್ಟ್‌ಮೆಂಟಿನೊಳಗೆ ಬಂದು ಕೂರಬಹುದು’ ಎನ್ನುತ್ತದೆ, ಇನ್ನೊಂದು ‘ಇಲ್ಲಿಯವರೆಗಿನವರಿಗೆ ದರ್ಶನ’ ಎನ್ನುತ್ತದೆ. ಮೊದಲನೆಯದರಲ್ಲಿ ಬಂದವರು, ವಲಸೆ ಇಲಾಖೆ ಆ ತಿಂಗಳು ಆ ಪಟ್ಟಿಯನ್ನು ಒಪ್ಪಿದ್ದರೆ, ಐ-485 ಹಾಕಬಹುದು. ಕಾರ್ಡು ಸಿಗುವುದು ಎರಡನೆಯದರಲ್ಲಿ ಬಂದಾಗ. ಒಳಗೆ ಕೂರುವುದಕ್ಕೂ ಬೆಲೆಯಿದೆ. ಐ-485 ಬಾಕಿ ಇರುವಾಗ ಮನೆಮಂದಿಗೆಲ್ಲ ಕೆಲಸದ ಅನುಮತಿ ಮತ್ತು ಊರಿಗೆ ಹೋಗಿಬರುವ ಪ್ರಯಾಣ ಪತ್ರ ಸಿಗುತ್ತವೆ, 180 ದಿನ ಕಳೆದರೆ ಅದೇ ಬಗೆಯ ಕೆಲಸಕ್ಕೆ ಕಂಪನಿಯನ್ನೂ ಬದಲಿಸಬಹುದು.

ದಿನಾಂಕ ಮುಂದಕ್ಕೇ ಹೋಗುತ್ತದೆ ಎಂದುಕೊಂಡರೆ ಮೋಸಹೋದಿರಿ. ಕೋವಿಡ್ ಕಾಲದಲ್ಲಿ ದೂತಾವಾಸಗಳು ಮುಚ್ಚಿದ್ದರಿಂದ ಕುಟುಂಬಾಧಾರಿತ ಕಾರ್ಡುಗಳು ದಂಡಿಯಾಗಿ ಉಳಿದವು. ಹಾಗೆ ಉಳಿದದ್ದು ಮರುವರ್ಷ ಉದ್ಯೋಗದ ಕಡೆಗೆ ಬರಬೇಕೆಂಬುದು ಕಾನೂನು. 1,40,000 ಇದ್ದದ್ದು 2021ರಲ್ಲಿ 2,62,000, 2022ರಲ್ಲಿ 2,81,000 ಮೀರಿತು. 2021ರಲ್ಲಿ ಅಷ್ಟನ್ನೂ ಹಂಚಲಾಗದೆ ಅರುವತ್ತು ಸಾವಿರಕ್ಕೂ ಹೆಚ್ಚು ಕಾರ್ಡುಗಳನ್ನು ಸರ್ಕಾರ ಹಾಳುಮಾಡಿತು. ಆರ್ಥಿಕ ವರ್ಷ ಸೆಪ್ಟೆಂಬರ್ 30ಕ್ಕೆ ಮುಗಿದರೆ ಉಳಿದದ್ದು ಹೋಯಿತು, ಅಷ್ಟೇ. 2022ರ ಸೆಪ್ಟೆಂಬರ್ ಹೊತ್ತಿಗೆ ಭಾರತದ ಇಬಿ-2 ದಿನಾಂಕ 2014ರ ಡಿಸೆಂಬರ್ 1ಕ್ಕೆ ಓಡಿಬಂತು. ಮರುತಿಂಗಳೇ 2012ರ ಏಪ್ರಿಲ್‌ಗೆ ಜಾರಿತು, ಡಿಸೆಂಬರ್‌ನಲ್ಲಿ 2011ರ ಅಕ್ಟೋಬರ್‌ಗೆ, 2023ರ ಏಪ್ರಿಲ್‌ನಲ್ಲಿ 2011ರ ಜನವರಿ 1ಕ್ಕೆ. ಏಳು ತಿಂಗಳಲ್ಲಿ ನಾಲ್ಕು ವರ್ಷ ಹಿಂದಕ್ಕೆ. ಅರ್ಜಿ ಕೊಟ್ಟು, ವೈದ್ಯಕೀಯ ಮಾಡಿಸಿ, ಇನ್ನೇನು ಬಂತು ಎಂದು ಕೂತಿದ್ದವರು ಮತ್ತೆ ಕೂರಬೇಕಾಯಿತು.

ಇದಕ್ಕಿಂತ ನಾಟಕೀಯವಾದದ್ದು 2007ರ ಜುಲೈ. ಆ ತಿಂಗಳ ಬುಲೆಟಿನ್ನಿನಲ್ಲಿ ಹೆಚ್ಚೂಕಡಿಮೆ ಎಲ್ಲ ಉದ್ಯೋಗ ವರ್ಗಗಳಿಗೂ ಸರದಿ ಬಂದಿದೆ ಎಂದು ಪ್ರಕಟವಾಯಿತು. ಜನ ರಜೆ ಹಾಕಿ, ಊರಿನಲ್ಲಿದ್ದ ಹೆಂಡತಿ ಮಕ್ಕಳನ್ನು ಕರೆಸಿಕೊಂಡು, ತಪಾಸಣೆ ಮಾಡಿಸಿ ಅರ್ಜಿ ಸಿದ್ಧಮಾಡಿಕೊಂಡರು. ಜುಲೈ 2ರಂದು ಸರ್ಕಾರ ‘ಕಾರ್ಡುಗಳು ಮುಗಿದಿವೆ’ ಎಂದಿತು. ಆಗ ಭಾರತೀಯರು ಬೈಯಲಿಲ್ಲ, ವಲಸೆ ಇಲಾಖೆಯ ಮುಖ್ಯಸ್ಥ ಎಮಿಲಿಯೊ ಗೊನ್ಸಾಲೆಸ್ ಅವರ ಕಚೇರಿಗೆ ನೂರಾರು ಹೂಗುಚ್ಛ ಕಳಿಸಿದರು. ನಮ್ಮಲ್ಲಿ ಆಗಷ್ಟೇ ಬಳಕೆಗೆ ಬಂದಿದ್ದ ಗಾಂಧಿಗಿರಿಯ ರೀತಿ ಅದು. ಅವರು ಆ ಹೂಗಳನ್ನು ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯ ಗಾಯಾಳುಗಳಿಗೆ ಕಳಿಸಿಕೊಟ್ಟರು. ಮೊಕದ್ದಮೆ, ಸಂಸದರ ಒತ್ತಡ ಎಲ್ಲ ಸೇರಿ ಜುಲೈ 17ಕ್ಕೆ ಸರ್ಕಾರ ಮಣಿದು, ಆಗಸ್ಟ್ 17ರವರೆಗೆ ಅರ್ಜಿ ತೆಗೆದುಕೊಂಡಿತು. ಹೂವಿನಿಂದಲೇ ಗೆದ್ದೆವೆಂದು ಹೇಳುವವರಿದ್ದಾರೆ. ನನಗೆ ಮೊಕದ್ದಮೆಯ ಪಾಲೇ ದೊಡ್ಡದೆನಿಸುತ್ತದೆ.

ಇಬಿ-2 ಮೇಲು, ಇಬಿ-3 ಕೀಳು ಎಂಬ ಭಾವನೆ ಬೇಡ. ಎರಡಕ್ಕೂ ಸಿಗುವ ಕಾರ್ಡು ಒಂದೇ. 2020ರ ಅಕ್ಟೋಬರ್‌ನಲ್ಲಿ ಅರ್ಜಿ ಹಾಕುವವರ ಪಟ್ಟಿಯಲ್ಲಿ ಭಾರತದ ಇಬಿ-3ರ ದಿನಾಂಕ 2015ರ ಜನವರಿಗೆ ಹಾರಿದಾಗ ಇಬಿ-2ರದು ಇನ್ನೂ 2011ರಲ್ಲೇ ಇತ್ತು. ಮೇಲಿನ ವರ್ಗದಲ್ಲಿ ಹೆಮ್ಮೆಯಿಂದ ನಿಂತಿದ್ದವರು ಕಂಪನಿಯ ಕಾಲು ಹಿಡಿದು, ಅದೇ ಪರ್ಮ್ ಮೇಲೆ ಇಬಿ-3ರಲ್ಲಿ ಇನ್ನೊಂದು ಐ-140 ಹಾಕಿಸಿಕೊಂಡರು. ಇದನ್ನೇ ಡೌನ್‌ಗ್ರೇಡ್ ಎನ್ನುವುದು. ಎರಡು ಕಡೆ ಅರ್ಜಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ, ಯಾವುದು ಮೊದಲು ಓಡುತ್ತದೋ ಅದು.

ಸಾಲಿನಲ್ಲಿರುವಾಗ ಬದುಕು ಹೇಗೆ? ಆರು ವರ್ಷದ ಎಚ್-1ಬಿ ಮುಗಿದರೆ ವಾಪಸ್ ಬರಬೇಕಲ್ಲ ಎಂದು ಕೇಳಬಹುದು. ಐ-140 ಮಂಜೂರಾಗಿ ಸರದಿ ಬಂದಿಲ್ಲವಾದರೆ ಮೂರು ಮೂರು ವರ್ಷ ವಿಸ್ತರಿಸುತ್ತ ಹೋಗಬಹುದೆಂದು 2000ದ ಕಾಯ್ದೆಯೊಂದು ದಾರಿ ಮಾಡಿಕೊಟ್ಟಿದೆ. ಕಂಪನಿ ಬದಲಿಸಬಹುದು, ಹೊಸ ಕಂಪನಿ ಪರ್ಮ್ ಮತ್ತು ಐ-140 ಮೊದಲಿನಿಂದ ಮಾಡಬೇಕು, ಆದರೆ ಹಳೆಯ ಪ್ರಯಾರಿಟಿ ಡೇಟ್ ಉಳಿಯುತ್ತದೆ. ಐ-140 ಮಂಜೂರಾಗಿ 180 ದಿನ ಕಳೆದ ಮೇಲೆ ಹಳೆಯ ಕಂಪನಿ ಸಿಟ್ಟಿನಿಂದ ಅದನ್ನು ಹಿಂತೆಗೆದುಕೊಂಡರೂ ಈ ಡೇಟ್ ಮತ್ತು ವಿಸ್ತರಣೆಯ ಹಕ್ಕು ಹೋಗುವುದಿಲ್ಲ. ಅದಕ್ಕೇ ಅನುಭವಸ್ಥರು ಆ 180 ದಿನ ದಾಟುವ ತನಕ ರಾಜೀನಾಮೆ ಬರೆಯಬೇಡ ಎನ್ನುವುದು, ಮಂಜೂರಾತಿ ಪತ್ರದ ಪ್ರತಿ ಕೈಯಲ್ಲಿಟ್ಟುಕೋ ಎನ್ನುವುದು. ಲೇಆಫ್ ಆದರೆ ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಇನ್ನೊಂದು ಕಂಪನಿ ಅರ್ಜಿ ಹಾಕದಿದ್ದರೆ, ಬೇರೆ ವೀಸಾಕ್ಕೂ ಬದಲಾಗದಿದ್ದರೆ, ಮನೆ ಸಾಲ, ಮಕ್ಕಳ ಶಾಲೆ ಎಲ್ಲ ಬಿಟ್ಟು ಹೊರಡಬೇಕು. ಎಚ್-1ಬಿಯವರ ಸಂಗಾತಿಗೆ ಸಿಗುವ ಎಚ್-4 ವೀಸಾದ ಮೇಲೆ ಹೋದ ಹೆಂಡತಿ, ಗಂಡ ಕೆಲಸ ಮಾಡಲು ಆದದ್ದು 2015ರಿಂದ ಈಚೆಗೆ, ಅದೂ ಸಂಗಾತಿಯ ಐ-140 ಮಂಜೂರಾಗಿದ್ದರೆ ಅಥವಾ ಆರು ವರ್ಷ ದಾಟಿದ ವಿಸ್ತರಣೆ ಸಿಕ್ಕಿದ್ದರೆ. ಅದಕ್ಕೂ ಮೊದಲು ವೈದ್ಯೆಯರು, ಎಂಜಿನಿಯರುಗಳು ವರ್ಷಗಟ್ಟಲೆ ಮನೆಯಲ್ಲಿ ಕೂತರು.

ಎಲ್ಲಕ್ಕಿಂತ ಸಂಕಟದ್ದು ಮಕ್ಕಳದು. ಎರಡು ವರ್ಷದ ಕೂಸಾಗಿ ಮೈಸೂರಿನಿಂದ ಹೋದ ಮಗು ಅಲ್ಲೇ ಬೆಳೆದು 21 ದಾಟಿದರೆ ಅಪ್ಪನ ಅರ್ಜಿಯಿಂದ ಹೊರಬೀಳುತ್ತದೆ. 2002ರ ಕಾನೂನಿನಂತೆ ಐ-140 ಪರಿಶೀಲನೆಯಲ್ಲಿದ್ದ ದಿನಗಳನ್ನು ವಯಸ್ಸಿನಿಂದ ಕಳೆಯಬಹುದು. ಅದು ಕೆಲವು ತಿಂಗಳ ಮಾತು. ವಯಸ್ಸನ್ನು ಯಾವ ಪಟ್ಟಿಯ ಪ್ರಕಾರ ಲೆಕ್ಕ ಹಾಕಬೇಕೆಂದು ವಲಸೆ ಇಲಾಖೆ 2023ರಲ್ಲಿ ಸಡಿಲಿಸಿತ್ತು, 2025ರ ಆಗಸ್ಟ್‌ನಲ್ಲಿ ಮತ್ತೆ ಬಿಗಿಮಾಡಿತು. ಹೊರಬಿದ್ದ ಮಗು ವಿದ್ಯಾರ್ಥಿ ವೀಸಾ ಹಿಡಿದು, ವಿದೇಶಿ ವಿದ್ಯಾರ್ಥಿಯ ಶುಲ್ಕ ಕಟ್ಟಿ, ಮತ್ತೆ ಎಚ್-1ಬಿ ಲಾಟರಿಯಿಂದ ತನ್ನ ಸಾಲು ಶುರುಮಾಡಬೇಕು. ಅಲ್ಲೇ ಹುಟ್ಟಿದ ತಂಗಿ ಮಾತ್ರ ಅಮೆರಿಕದ ಪ್ರಜೆ. ಮಗನಿಗೆ ಹನ್ನೆರಡು ತುಂಬುವುದರೊಳಗೆ ಲೆಕ್ಕ ಹಾಕಿಕೊಳ್ಳಿ ಎಂದು ನಾನು ಹೇಳುವುದು ಇದಕ್ಕೇ.

ಸುತ್ತುದಾರಿಗಳ ಮಾತು ಬೇಗ ಮುಗಿಸುತ್ತೇನೆ, ಏಕೆಂದರೆ ಇದರಲ್ಲಿ ಮಾರಾಟಗಾರರೇ ಹೆಚ್ಚು. ಇಬಿ-1ರ ಭಾರತದ ಸಾಲು ಚಿಕ್ಕದು. 2025ರ ಉದ್ದಕ್ಕೂ ಅಲ್ಲಿದ್ದದ್ದು 2022ರ ದಿನಾಂಕ. ಬೆಂಗಳೂರಿನ ಕಚೇರಿಯಲ್ಲಿ ನಿಜವಾದ ಮ್ಯಾನೇಜರ್ ಆಗಿದ್ದು, ಅದೇ ಕಂಪನಿಯ ಅಮೆರಿಕದ ಕಚೇರಿಗೆ ವರ್ಗವಾಗುವವರ ಎಲ್-1ಎ ವೀಸಾದ ಮೇಲೆ ಹೋದವರು ಈ ವರ್ಗಕ್ಕೆ ಬರಬಹುದು. ದೇಶದ ಹಿತಾಸಕ್ತಿಯ ಹೆಸರಿನಲ್ಲಿ ಕಂಪನಿಯ ಹಂಗಿಲ್ಲದೆ ಸ್ವಂತ ಅರ್ಜಿ ಹಾಕುವ ಎನ್‌ಐಡಬ್ಲ್ಯು ಬಗ್ಗೆ ಜಾಹೀರಾತುಗಳು ಬಹಳ. ಅದು ಪರ್ಮ್ ತಪ್ಪಿಸುತ್ತದೆ, ಸಾಲು ತಪ್ಪಿಸುವುದಿಲ್ಲ. ನೀವು ನಿಲ್ಲುವುದು ಅದೇ ಇಬಿ-2ರಲ್ಲಿ. ಹಣವಿದ್ದವರಿಗೆ ಇಬಿ-5 ಇದೆ, ಕನಿಷ್ಠ 8,00,000 ಡಾಲರ್ ಹೂಡಿಕೆ. ಸಾಲನ್ನು ಚಿಕ್ಕದು ಮಾಡಿಸುತ್ತೇನೆ ಎಂದು ಯಾರಾದರೂ ದುಡ್ಡು ಕೇಳಿದರೆ ಆತ ಸುಳ್ಳುಗಾರ.

ಕಾಗದಪತ್ರದ ವಿಷಯದಲ್ಲಿ ಕರ್ನಾಟಕದವರಿಗೆ ಎರಡು ಮಾಮೂಲಿ ತೊಡಕುಗಳು. ಹಳ್ಳಿಯ ಮನೆಯಲ್ಲಿ ಹುಟ್ಟಿದವರಿಗೆ ಜನನ ಪ್ರಮಾಣಪತ್ರವೇ ಇರುವುದಿಲ್ಲ, ಅಥವಾ ಇದ್ದರೂ ಅದರಲ್ಲಿ ಮಗುವಿನ ಹೆಸರಿಲ್ಲದೆ ‘ಗಂಡು ಮಗು’ ಎಂದಷ್ಟೇ ಇರುತ್ತದೆ. ನೋಂದಣಿಯೇ ಆಗಿಲ್ಲದಿದ್ದರೆ ಸ್ಥಳೀಯ ಕಚೇರಿಯಿಂದ ‘ದಾಖಲೆ ಲಭ್ಯವಿಲ್ಲ’ ಎಂಬ ಪತ್ರ ಪಡೆದು, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮತ್ತು ಹುಟ್ಟಿದ್ದನ್ನು ಬಲ್ಲ ಹಿರಿಯರ ಪ್ರಮಾಣಪತ್ರಗಳನ್ನು ಜೊತೆಗಿಡುವುದು ರೂಢಿ. ಸರದಿ ಬಂದ ತಿಂಗಳಲ್ಲಿ ತಾಲ್ಲೂಕು ಕಚೇರಿ ಸುತ್ತುವುದಕ್ಕಿಂತ, ಅಪ್ಪ ಅಮ್ಮ ಗಟ್ಟಿಯಾಗಿರುವಾಗಲೇ ಇದನ್ನು ಮಾಡಿಟ್ಟುಕೊಳ್ಳಿ. ಎರಡನೆಯದು ಹೆಸರು. ಇನಿಷಿಯಲ್ ಇಟ್ಟುಕೊಂಡು ಬೆಳೆದವರ ಅಂಕಪಟ್ಟಿಯಲ್ಲಿ ಒಂದು ರೀತಿ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ರೀತಿ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಅದು ಮನೆತನದ ಹೆಸರಾಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಬೀಳುತ್ತದೆ, ಅಂದರೆ ಹೆಸರು ಗೊತ್ತಿಲ್ಲ ಎಂದು. ಆಮೇಲೆ ಬ್ಯಾಂಕಿನಿಂದ ಲೈಸೆನ್ಸಿನವರೆಗೆ ಎಲ್ಲ ಕಡೆ ನೀವು ಎಫ್‌ಎನ್‌ಯು. ಹೊರಡುವ ಮೊದಲೇ ಪಾಸ್‌ಪೋರ್ಟ್ ಸರಿಮಾಡಿಸಿಕೊಳ್ಳುವುದು ಜಾಣತನ.

ಕಾನೂನು ಬದಲಾಗುವುದಿಲ್ಲವೇ? ಆಗುವ ಹತ್ತಿರಕ್ಕೆ ಬಂದಿತ್ತು. ಉದ್ಯೋಗದ ಕಾರ್ಡುಗಳಿಗೆ ದೇಶವಾರು ಮಿತಿ ತೆಗೆಯುವ ಮಸೂದೆ 2019ರ ಜುಲೈ 10ರಂದು ಕೆಳಮನೆಯಲ್ಲಿ 365-65 ಮತಗಳಿಂದ ಗೆದ್ದಿತು. 2020ರ ಡಿಸೆಂಬರ್ 2ರಂದು ಸೆನೆಟ್ ತನ್ನದೊಂದು ರೂಪವನ್ನು ಒಪ್ಪಿತು. ಎರಡನ್ನೂ ಹೊಂದಿಸುವುದರೊಳಗೆ ಆ ಸಂಸತ್ತಿನ ಅವಧಿಯೇ ಮುಗಿಯಿತು. ವಿರೋಧಿಸಿದವರ ವಾದವನ್ನು ಪೂರ್ತಿ ತಳ್ಳಿಹಾಕಲಾಗದು: 1,40,000 ಹೆಚ್ಚಿಸದೆ ಮಿತಿ ಮಾತ್ರ ತೆಗೆದರೆ ಹಲವು ವರ್ಷ ಬಹುಪಾಲು ಕಾರ್ಡು ಭಾರತೀಯರಿಗೇ ಹೋಗಿ, ಇರಾನಿನ ಸಂಶೋಧಕ, ಫಿಲಿಪೀನ್ಸಿನ ನರ್ಸ್ ಕಾಯಬೇಕಾಗುತ್ತದೆ. ಒಟ್ಟು ಸಂಖ್ಯೆ ಹೆಚ್ಚಿಸುವುದೇ ನಿಜವಾದ ಪರಿಹಾರ, ಅದರ ಬಗ್ಗೆ ಮಾತಾಡಲು ಅಲ್ಲಿನ ರಾಜಕಾರಣಿಗಳಿಗೆ ಈಗ ಧೈರ್ಯವಿಲ್ಲ.

ಕಾರ್ಡು ಬಂದ ಮೇಲೂ ಷರತ್ತುಗಳಿವೆ. ಅದು ಹತ್ತು ವರ್ಷಕ್ಕೊಮ್ಮೆ ನವೀಕರಣವಾಗುವ ಕಾರ್ಡು. ಹಕ್ಕು ಖಾಯಂ, ಆದರೆ ಅಲ್ಲೇ ವಾಸಿಸಬೇಕು. ಮೊದಲೇ ಅನುಮತಿ ಪಡೆಯದೆ ಒಂದು ವರ್ಷ ಮೀರಿ ಹೊರಗಿದ್ದರೆ ನಿವಾಸ ಬಿಟ್ಟುಕೊಟ್ಟಂತೆ ಎಂದು ಭಾವಿಸುತ್ತಾರೆ. ಐದು ವರ್ಷದ ಮೇಲೆ ಪೌರತ್ವ ಕೇಳಬಹುದು. ಅದನ್ನು ತೆಗೆದುಕೊಂಡ ಕ್ಷಣ ಭಾರತದ ಪೌರತ್ವ ಹೋಗುತ್ತದೆ, ಒಸಿಐ, ಅಂದರೆ ಸಾಗರೋತ್ತರ ಭಾರತೀಯ ಕಾರ್ಡು ಮಾಡಿಸಿಕೊಳ್ಳಬೇಕು. ಒಸಿಐ ಇದ್ದವರು ಮತ ಹಾಕುವಂತಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ. ತೀರ್ಥಹಳ್ಳಿಯ ಅಡಿಕೆ ತೋಟ ಅಪ್ಪನಿಂದ ಬಂದರೆ ಇಟ್ಟುಕೊಳ್ಳಬಹುದು.

ಪೌರನಾದ ಮಗ ಅಥವಾ ಮಗಳು ತಂದೆ ತಾಯಿಗೆ ಗ್ರೀನ್ ಕಾರ್ಡ್ ಕೇಳಿದರೆ ಅದಕ್ಕೆ ವಾರ್ಷಿಕ ಮಿತಿಯೂ ಇಲ್ಲ, ಶೇ 7ರ ತಡೆಯೂ ಇಲ್ಲ. ದುಡಿಯಲು ಹೋದವನು ಕಾದ ಕಾಲದ ಒಂದು ಚೂರಿನಲ್ಲಿ ಹಿರಿಯರ ಕಾರ್ಡು ಬಂದುಬಿಡುತ್ತದೆ. ಆದರೆ ಅವರಿಗೂ ನಿಯಮ ಒಂದೇ, ಅಲ್ಲೇ ಇರಬೇಕು. ವರ್ಷಕ್ಕೆ ನಾಲ್ಕೈದು ತಿಂಗಳು ಹೋಗಿ ಮೊಮ್ಮಕ್ಕಳನ್ನು ನೋಡಿಕೊಂಡು, ಮಿಕ್ಕ ಕಾಲ ಊರಿನಲ್ಲಿ ಇರುತ್ತೇವೆ ಎನ್ನುವವರಿಗೆ ಸಂದರ್ಶಕ ವೀಸಾವೇ ಸಾಕು, ಗ್ರೀನ್ ಕಾರ್ಡ್ ಅವರಿಗೆ ತೊಡಕೇ ಹೆಚ್ಚು.